ಹದಿನೇಳನೇ ಹೋಲಿನ ಜೇಕು

"ತಗೊಳ್ಳಿ ಅಮ್ಮ, ಬಿಸಿಲು ಜಾಸ್ತಿ ಇದೆ," ಎಂದು ಸಿದ್ದಾರ್ಥ ಚಾಚಿದ ಬಾಳೆಹಣ್ಣನ್ನು ಜಯಲಕ್ಷ್ಮಮ್ಮ ಮುಟ್ಟಲಿಲ್ಲ. ಮಗಳು ರಂಜಿತ ಕೈ ನೀಡಿದ್ದನ್ನು ಕಂಡು ನಡುವೆ ಬಂದು ನಿಂತುಬಿಟ್ಟಳು. ಅವಳ ಹೆಗಲಿನ ಚೀಲದಲ್ಲಿದ್ದ ಗಾಲ್ಫ್ ಕೋಲುಗಳು ಒಂದಕ್ಕೊಂದು ತಾಕಿ ಸದ್ದು ಮಾಡಿದವು.

"ಬ್ಯಾಡ ಕಣಪ್ಪ, ನಮ್ಗೆ ಒಟ್ಟೆ ತುಂಬ್ಯದೆ."

ಸಿದ್ದಾರ್ಥ ನಕ್ಕು ಹಣ್ಣನ್ನು ತಾನೇ ಸುಲಿದು ತಿಂದ. ಅವನು ತಿಂದದ್ದನ್ನು ಕಣ್ಣಾರೆ ನೋಡಿದ ಮೇಲೂ ಜಯಲಕ್ಷ್ಮಮ್ಮನಿಗೆ ಸಮಾಧಾನವಾಗಲಿಲ್ಲ. ಮದ್ದು ಹಾಕುವವರು ಒಳ್ಳೆಯ ಹಣ್ಣೊಂದು, ಕೆಟ್ಟ ಹಣ್ಣೊಂದು ಇಟ್ಟುಕೊಂಡಿರುವುದಿಲ್ಲವೇ? ಇವನು ಬೆನ್ನು ತಿರುಗಿಸಿ ಅದಲು ಬದಲು ಮಾಡಿರಬಾರದೇಕೆ?

"ಅವ್ವ, ಸುಮ್ನಿರು. ಅವ್ರು ಒಳ್ಳೇವ್ರು," ಎಂದು ರಂಜಿತ ಮೆಲ್ಲಗೆ ಗದರಿದಳು.

"ಗಂಡಸ್ರು ನೂರಿಪ್ಪತ್ತು ಜನ ಅವ್ರೆ ಕಣೇ ಇಲ್ಲಿ. ಅವ್ರ್ ಮಧ್ಯ ಒಬ್ಳು ಎಂಗ್ಸು ಗೆಲ್ಲೋದ್ನ ನೋಡ್ಕಂಡು ನಗ್ತಾ ಕುಂತಿರ್ತಾರಾ? ನಗೋರ್ನ ಮೊದ್ಲು ನಂಬ್ಬಾರ್ದು."

ಜಯಲಕ್ಷ್ಮಮ್ಮನ ಅನುಮಾನದಿಂದ ತಪ್ಪಿಸಿಕೊಂಡವರು ಬೆಳಗೊಳದಲ್ಲಿ ಬಹಳ ಜನ ಇರಲಿಲ್ಲ. ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಅಂದರೆ ಅವನ ಚೀಲವನ್ನೇ ಬಗ್ಗಿ ನೋಡುವವಳು ಅವಳು. ಕಾರ್ಖಾನೆಗೆ ಕಬ್ಬು ಹೊಡೆಯಲು ಹೋದ ಗಂಡ ಮರಿಸ್ವಾಮಿ ಬರುವುದು ಅರ್ಧ ಗಂಟೆ ತಡವಾದರೆ ಟ್ರಾಕ್ಟರಿನ ಇಂಜಿನ್ ಮುಟ್ಟಿ ನೋಡುತ್ತಿದ್ದಳು, ನಿಂತು ಎಷ್ಟು ಹೊತ್ತಾಗಿರಬಹುದೆಂದು. ಮಗಳೊಬ್ಬಳ ಮಾತನ್ನು ಮಾತ್ರ ಒರೆಗೆ ಹಚ್ಚದೆ ನಂಬುತ್ತಿದ್ದಳು.

ಊರಾಚೆ ನಾಲೆಯ ಏರಿಯ ಮಗ್ಗುಲಿಗಿದ್ದ ಈ ಗಾಲ್ಫ್ ಮೈದಾನಕ್ಕೆ ಅವಳು ಹದಿನೈದು ವರ್ಷದಿಂದ ಕಳೆ ಕೀಳಲು ಬರುತ್ತಿದ್ದಳು. ಸಾಹೇಬರ ಹುಲ್ಲಿನಲ್ಲಿ ಜೇಕು ಎದ್ದರೆ ಗಡ್ಡೆ ಸಮೇತ ಕೀಳಬೇಕು, ಕಿತ್ತ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಬೇಕು, ಅದು ಕೆಲಸ. ರಜೆಯಲ್ಲಿ ಅವಳ ಹಿಂದೆ ಬರುತ್ತಿದ್ದ ಹುಡುಗಿ ನಾಲೆಯಂಚಿಗೆ ಬಿದ್ದ ಚೆಂಡು ಹೆಕ್ಕಿ ಕೊಡುತ್ತಾ ಕೊಡುತ್ತಾ, ಯಾರೋ ಕೋಚ್ ಕೊಟ್ಟ ಹಳೆಯ ಕೋಲಿನಲ್ಲಿ ಹೊಡೆಯುತ್ತಾ, ಇಪ್ಪತ್ತೊಂದಕ್ಕೆ ವೃತ್ತಿ ಆಟಗಾರ್ತಿಯೇ ಆಗಿಬಿಟ್ಟಿದ್ದಳು. ಗಂಡಸರ ಪಂದ್ಯಾವಳಿ ಈ ಮೈದಾನಕ್ಕೇ ಬಂದಾಗ ಕ್ಲಬ್ಬಿನವರ ಕೈಲಿದ್ದ ಒಂದೇ ಒಂದು ಆಹ್ವಾನದ ಜಾಗ ಅವಳಿಗೆ ಸಿಕ್ಕಿತು. ಚೀಲ ಹೊತ್ತು ಜೊತೆಗೆ ನಡೆಯಲು ಕ್ಯಾಡಿ ಬೇಕಲ್ಲ, ಅದಕ್ಕೆ ತಾನೇ ಬರುತ್ತೇನೆಂದು ಜಯಲಕ್ಷ್ಮಮ್ಮ ಹಟ ಹಿಡಿದಿದ್ದಳು. ಬೇರೆ ಯಾರೇ ಹೊತ್ತರೂ ಆ ಗಂಡಸರು ಅವನನ್ನು ಒಳಗೆ ಹಾಕಿಕೊಳ್ಳುತ್ತಾರೆ ಎಂಬುದು ಅವಳ ಖಾತರಿ.

ನಾಲ್ಕು ದಿನದ ಆಟ. ಎರಡು ದಿನ ಮುಗಿದಾಗ ಮೇಲಿನ ಐವತ್ತು ಜನ ಉಳಿಯುತ್ತಾರೆ, ಮಿಕ್ಕವರು ಗಂಟುಮೂಟೆ ಕಟ್ಟಬೇಕು. ಆ ಐವತ್ತರೊಳಗೆ ನಿಲ್ಲುವುದೇ ರಂಜಿತಳ ಆಸೆ. ಗೆಲ್ಲುವ ಮಾತನ್ನು ಅವಳು ಆಡಿಯೇ ಇರಲಿಲ್ಲ. ಇದು ಎರಡನೇ ದಿನ, ಶುಕ್ರವಾರ. ಎರಡು ದಿನವೂ ಅವಳ ಜೊತೆಗಾರ ಬೆಂಗಳೂರಿನ ಸಿದ್ದಾರ್ಥ. ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಮೇಲಾಗುವ ಈ ಆಟದಲ್ಲಿ ಒಬ್ಬರ ಹೊಡೆತಗಳನ್ನು ಇನ್ನೊಬ್ಬರು ಕಾರ್ಡಿನಲ್ಲಿ ಬರೆಯುತ್ತಾರೆ ಎಂದು ತಿಳಿದಾಗಿನಿಂದ ಜಯಲಕ್ಷ್ಮಮ್ಮ ಅವನ ಪೆನ್ಸಿಲನ್ನೇ ಕಾಯುತ್ತಿದ್ದಳು. ಅವನು ಬರೆದಾಗಲೆಲ್ಲ ಪಕ್ಕಕ್ಕೆ ಹೋಗಿ ಇಣುಕುತ್ತಿದ್ದಳು. ಎರಡು ದಿನದಲ್ಲಿ ಒಂದು ಅಂಕಿಯೂ ತಪ್ಪಾಗಿ ಸಿಕ್ಕಿರಲಿಲ್ಲ, ಅದಂತೂ ಅವಳ ಅನುಮಾನವನ್ನು ಇನ್ನಷ್ಟು ಬಲಪಡಿಸಿತು.

ದಿನಕ್ಕೆ ಹದಿನೆಂಟು ಹೋಲು, ಅಂದರೆ ಕುಳಿ; ಹದಿನಾರನೆಯದು ಮುಗಿದಾಗ ದೊಡ್ಡ ಫಲಕದಲ್ಲಿ ರಂಜಿತ ಐವತ್ತನೆಯವಳು, ಸಿದ್ದಾರ್ಥ ಒಂದು ಹೊಡೆತ ಹಿಂದೆ ಬಿದ್ದು ಐವತ್ತೊಂದನೆಯವನು. ಇನ್ನು ಎರಡೇ ಹೋಲು. ಮಿಕ್ಕವರೆಲ್ಲ ಆಡಿ ಮುಗಿಸಿದ್ದರು. ಟೀವಿಯವರು ಮೂವರು ನೋಡುಗರನ್ನು ತಡೆಯಲು ಕಟ್ಟಿದ ಹಗ್ಗದಾಚೆ ಬಂದು ನಿಂತಿದ್ದರು.

ಹದಿನೇಳರಲ್ಲಿ ಅವಳ ಚೆಂಡು ಸ್ವಲ್ಪ ಬಲಕ್ಕೆ ಹೋಗಿ ಒರಟು ಹುಲ್ಲಿನ ಅಂಚಿನಲ್ಲಿ ಕೂತಿತು. ರಂಜಿತ ಕುಳಿಯ ಬಾವುಟ ಎಲ್ಲಿದೆ ಎಂದು ನೋಡಲು ಹತ್ತಿಪ್ಪತ್ತು ಹೆಜ್ಜೆ ಮುಂದಕ್ಕೆ ಹೋದಳು. ಚೀಲ ಇಳಿಸಿ ನಿಂತ ಜಯಲಕ್ಷ್ಮಮ್ಮನ ಕಣ್ಣಿಗೆ ಚೆಂಡಿನ ಹಿಂದೆಯೇ ಗೇಣುದ್ದ ಎದ್ದಿದ್ದ ಜೇಕು ಬಿತ್ತು. ಬಗ್ಗಿದಳು, ಬೆರಳು ಬುಡಕ್ಕೆ ಹೋಯಿತು, ಗಡ್ಡೆ ಲಟಕ್ಕೆಂದು ಬಂತು, ಹೆಬ್ಬೆರಳು ಮಣ್ಣನ್ನು ಒತ್ತಿತು. ಅವಳು ಯೋಚಿಸಿ ಮಾಡಿದ್ದಲ್ಲ. ಕೂಲಿಗೆ ಬಿದ್ದ ಕೈ, ತನ್ನ ಪಾಡಿಗೆ ತಾನು ಕೆಲಸ ಮುಗಿಸಿಬಿಟ್ಟಿತ್ತು.

ಕಿತ್ತಾದ ಮೇಲೆ ನೆನಪಾಯಿತು. "ಚೆಂಡಿನ ಸುತ್ತ ಒಂದೆಸ್ಳು ಉಲ್ಲೂ ಮುಟ್ಬ್ಯಾಡ ಅವ್ವ, ಎರಡು ಒಡೆತ ದಂಡ ಆಕ್ತಾರೆ," ಎಂದು ಮಗಳು ವಾರವಿಡೀ ಹೇಳಿದ್ದಳು. ತಲೆ ಎತ್ತಿದರೆ ಎದುರು ದಿಕ್ಕಿನಲ್ಲಿ ಸಿದ್ದಾರ್ಥ ನಿಂತಿದ್ದ. ಅವನು ಇತ್ತಲೇ ನೋಡುತ್ತಿದ್ದನೋ, ಹಿಂದಿನ ಮರ ನೋಡುತ್ತಿದ್ದನೋ ಗೊತ್ತಾಗಲಿಲ್ಲ. ಜೇಕನ್ನು ಮುಷ್ಟಿಯೊಳಗೆ ಮುದುರಿ ಸೆರಗಿನ ಮರೆಯಲ್ಲಿ ನಾಲೆಯ ಕಡೆ ಎಸೆದಳು.

ರಂಜಿತ ಬಂದು ಹೊಡೆದಳು. ಚೆಂಡು ಬಾವುಟಕ್ಕೆ ಮೂರೇ ಮಾರು ದೂರದಲ್ಲಿ ನಿಂತಿತು. ಹಗ್ಗದಾಚೆಯವರು ಚಪ್ಪಾಳೆ ತಟ್ಟಿದರು. ಜಯಲಕ್ಷ್ಮಮ್ಮನೂ ತಟ್ಟಿದಳು, ಆದರೆ ಕಣ್ಣು ಸಿದ್ದಾರ್ಥನ ಮೇಲೆ. ಅವನು ತಟ್ಟಲಿಲ್ಲ.

ಆಟ ಮುಗಿದಾಗ ಐವತ್ತನೇ ಜಾಗ ರಂಜಿತಳದ್ದೇ, ಸಿದ್ದಾರ್ಥ ಆ ಒಂದು ಹೊಡೆತ ಹಿಂದೆಯೇ ಉಳಿದಿದ್ದ. ಕಾರ್ಡಿಗೆ ಸಹಿ ಹಾಕುವ ಶಾಮಿಯಾನದೊಳಕ್ಕೆ ಆಟಗಾರರಿಬ್ಬರೂ ಹೋದರು. ಹೊರಗೆ ನಿಂತ ಜಯಲಕ್ಷ್ಮಮ್ಮ ಲೆಕ್ಕ ಹಾಕಿದಳು: ಸಹಿ ಹಾಕಲು ಇಷ್ಟು ಹೊತ್ತು ಯಾಕೆ? ಅಷ್ಟರಲ್ಲಿ ಯಾರೋ ಬಂದು ಒಳಗೆ ಕರೆದರು.

ಒಳಗೆ ರೆಫರಿ ಕೂತಿದ್ದ, ಪಕ್ಕದಲ್ಲಿ ಕ್ಲಬ್ಬಿನ ಮ್ಯಾನೇಜರು. ರಂಜಿತಳ ಮುಖ ಕೆಂಪಾಗಿತ್ತು.

"ಅಮ್ಮ, ಹದಿನೇಳರಲ್ಲಿ ಚೆಂಡಿನ ಹಿಂದೆ ನೀವು ಏನೋ ಕಿತ್ತ ಹಾಗೆ ಕಂಡಿತು ಅಂತ ಇವರು ಹೇಳ್ತಿದಾರೆ," ಎಂದ ರೆಫರಿ. "ಹಾಗೇನಾದ್ರೂ ಆಯ್ತಾ?"

"ನಮ್ಮವ್ವ ಅಂತಾದ್ದು ಮಾಡಕಿಲ್ಲ ಅಂತ ಆಗ್ಲೇ ಏಳಿದೀನಿ ಸಾರ್," ಎಂದಳು ರಂಜಿತ. "ವಾರದಿಂದ ಏಳ್ಕೊಟ್ಟಿದೀನಿ ಅವ್ರಿಗೆ."

"ನಾನು ದೂರದಿಂದ ನೋಡಿದ್ದು," ಎಂದ ಸಿದ್ದಾರ್ಥ, ಯಾರ ಮುಖವನ್ನೂ ನೋಡದೆ. "ಕೇಳದೆ ಸಹಿ ಹಾಕೋಕೆ ಮನಸ್ಸು ಬರಲಿಲ್ಲ. ಅಮ್ಮ ಇಲ್ಲ ಅಂದರೆ ನಾನು ಸಹಿ ಹಾಕ್ತೀನಿ."

ಎಷ್ಟು ಸುಲಭ! ಒಂದು ಮಾತು ಸಾಕು. ಮ್ಯಾನೇಜರು, ಹೊರಗಿನ ಟೀವಿಯವರು, ಎಲ್ಲರಿಗೂ ಬೇಕಾಗಿದ್ದದ್ದು ಅದೇ ಮಾತು ಎಂದು ಜಯಲಕ್ಷ್ಮಮ್ಮನಿಗೆ ಕಂಡಿತು.

"ಇಲ್ಲ ಸೋಮಿ," ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತೇನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮಾತು ಮುಂದುವರಿಯಿತು. "ನಾನ್ಯಾಕ್ ಕೀಳ್ಲಿ? ಇವತ್ತೇನ್ ಕೂಲಿಗ್ ಬಂದಿದ್ನಾ? ಈವಪ್ಪ ಐವತ್ತೊಂದ್ನೇವ್ನು. ನನ್ ಮಗ್ಳು ಒರಕ್ ಓದ್ರೆ ಇವ್ನು ಒಳಕ್ಕೆ. ಅದುಕ್ಕೇ ಇಲ್ಲದ್ದ ಉಟ್ಟಿಸ್ತಾವ್ನೆ."

ಸಿದ್ದಾರ್ಥನ ಕಿವಿ ಕೆಂಪಾದವು. ಅವನು ಪೆನ್ಸಿಲ್ ಎತ್ತಿಕೊಂಡ. ರೆಫರಿ ನಿರಾಳವಾಗಿ ಕುರ್ಚಿಗೆ ಒರಗಿದ. "ಸರಿ ಹಾಗಾದ್ರೆ, ಇಲ್ಲಿಗೆ ಮುಗೀತು."

ರಂಜಿತ ಮಾತ್ರ ಅವ್ವನ ಬಲಗೈಯನ್ನು ನೋಡುತ್ತಿದ್ದಳು. ಹೆಬ್ಬೆರಳಿನ ಉಗುರಿನೊಳಗೆ ಹಸಿ ಮಣ್ಣು. ಬೆಳಿಗ್ಗೆ ಟೀವಿಯಲ್ಲಿ ಬರುತ್ತೇವೆಂದು ಉಗುರು ಕತ್ತರಿಸಿ, ಕೈ ತಿಕ್ಕಿ ತೊಳೆದುಕೊಟ್ಟವಳು ಅವಳೇ. ನೋಡುತ್ತಾ ನೋಡುತ್ತಾ ಅವಳ ಮುಖದ ಕೆಂಪು ಇಳಿಯಿತು.

"ಸಹಿ ಹಾಕಬೇಡಿ," ಎಂದಳು ಸಿದ್ದಾರ್ಥನಿಗೆ. ಆಮೇಲೆ ರೆಫರಿಯ ಕಡೆ ತಿರುಗಿ, "ನಾನೇ ಕಿತ್ತಿದ್ದು ಸಾರ್. ಚಿಕ್ಕಂದಿನಿಂದ ಅಭ್ಯಾಸ. ಕೇಳ್ದಾಗ ಎದ್ರಿಕೆ ಆಗಿ ಅವ್ವ ಮಾಡಕಿಲ್ಲ ಅಂತಷ್ಟೇ ಏಳ್ದೆ. ಎರಡು ಒಡೆತ ಸೇರ್ಸಿ."

ಕಿತ್ತದ್ದು ತಾಯಿಯ ಕೈಯೋ ಮಗಳ ಕೈಯೋ ಎಂದು ಸಿದ್ದಾರ್ಥನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಒಮ್ಮೆ ಜಯಲಕ್ಷ್ಮಮ್ಮನನ್ನು ನೋಡಿದ. ಈಗಲಾದರೂ ಹೇಳುತ್ತಾಳೆಂದು ಕಾದ ನೋಟ ಅದು. ಹೇಳಬೇಕೆಂದು ಅವಳೂ ಬಾಯಿ ತೆರೆದಳು. ಈಗ ತಾನೇ ಇಲ್ಲ ಎಂದ ಬಾಯಲ್ಲಿ ಹೌದು ಎನ್ನುವುದು ಬರಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ರೆಫರಿ ಅಂಕಿ ತಿದ್ದಿದ. ಐವತ್ತರಿಂದ ರಂಜಿತ ಹೊರಗೆ ಬಿದ್ದಳು, ಸಿದ್ದಾರ್ಥ ಒಳಗೆ ಬಂದ.

ತಾಯಿ ಮಗಳು ಸ್ಕೂಟರಿನಲ್ಲಿ ಮನೆ ಸೇರಿದರು. ಹಟ್ಟಿಯ ಮುಂದೆ ಇಳಿದ ಮೇಲೆ ಜಯಲಕ್ಷ್ಮಮ್ಮನೇ ಕೇಳಿದಳು.

"ಅಲ್ಲ ಕಣವ್ವ, ನಿನ್ ಮ್ಯಾಲ್ ಯಾಕ್ ಆಕೊಂಡೆ? ನಾನ್ ಕಿತ್ತಿದ್ದು ಅಂದಿದ್ರೂ ಅಷ್ಟೇ ದಂಡ ತಾನೇ?"

"ಅಷ್ಟೇ ದಂಡ." ರಂಜಿತ ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡಳು. "ನಮ್ಮವ್ವ ಸುಳ್ಳಿ ಅಂತ ಅಷ್ಟ್ ಜನದ್ ಮುಂದೆ ನಾನೆಂಗ್ ಏಳ್ಲಿ?"

ಅವಳು ಜೋರು ಮಾಡಲಿಲ್ಲ, ಅಳಲೂ ಇಲ್ಲ. ಕೈಕಾಲು ತೊಳೆದು ಒಳಗೆ ಹೋದಳು. ಅವಳು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಜಯಲಕ್ಷ್ಮಮ್ಮನಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋದಾಗ ಸಾಲಿನಲ್ಲಿದ್ದವರು ಮಾತು ನಿಲ್ಲಿಸಿದರು. ಕಟ್ಟೆಯ ಮೇಲೆ ಪೇಪರು ಬಿದ್ದಿತ್ತು. ಪಕ್ಕದ ಮನೆಯ ಚಿಕ್ಕಬೋರಮ್ಮ ತನ್ನ ಪಕ್ಕ ಜಾಗ ಬಿಟ್ಟು ನಿಲ್ಲಿಸಿಕೊಂಡು ದನಿ ತಗ್ಗಿಸಿದಳು.

"ಏನ್ ಜಯಕ್ಕ, ರಂಜಿತ ಕದ್ದು ಉಲ್ಲು ಕಿತ್ತು ಸಿಕ್ಕಾಕ್ಕೊಂಡ್ಲಂತೆ? ಪೇಪರ್ನಾಗೆ ಬಂದದೆ."

"ಅವ್ಳಲ್ಲ," ಎಂದಳು ಜಯಲಕ್ಷ್ಮಮ್ಮ. ದನಿ ಅವಳೆಣಿಸಿದ್ದಕ್ಕಿಂತ ಜೋರಾಗಿಯೇ ಬಂತು. "ಕಿತ್ತಿದ್ದು ನಾನು. ಸುಳ್ ಏಳಿದ್ದೂ ನಾನು. ಅವ್ಳು ನನ್ ಮಾನ ಉಳ್ಸಕೆ ಒಪ್ಕೊಂಡ್ಲು."

ಸಾಲಿನವರೆಲ್ಲ ತಿರುಗಿ ನೋಡಿದರು. ಚಿಕ್ಕಬೋರಮ್ಮ ಅವಳ ತೋಳು ಸವರಿದಳು.

"ಬುಡಕ್ಕ. ಎತ್ತೋರ್ಗೆ ಎಗ್ಗಣ ಮುದ್ದು. ನಾನಾಗಿದ್ರೂ ಇಂಗೇ ಏಳ್ತಿದ್ದೆ."

"ನನ್ ಮಗಳಾಣೆ ಕಣೇ, ನಾನೇ ಕಿತ್ತಿದ್ದು!"

"ಆಣೆ ಗೀಣೆ ಯಾಕಕ್ಕ ಈಗ," ಎಂದಳು ಚಿಕ್ಕಬೋರಮ್ಮ. "ಅವ್ಳೇ ಬಾಯ್ಬುಟ್ಟು ಒಪ್ಕೊಂಡವ್ಳಲ್ಲ." ಹಿಂದೆ ಯಾರೋ ಕೆಮ್ಮಿದರು, ಯಾರೋ ನಕ್ಕರು. ಸಾಲು ಮುಂದಕ್ಕೆ ಸರಿಯಿತು.

ಅವಳ ಸರದಿ ಬಂತು. ಡೈರಿಯ ನಿಂಗರಾಜು ಕ್ಯಾನಿನಿಂದ ಚೂರು ಹಾಲು ತೆಗೆದು, ನೀರು ಬೆರೆಸಿದ್ದನ್ನು ಹಿಡಿಯುವ ಯಂತ್ರಕ್ಕೆ ಕೊಟ್ಟ. ದಿನವೂ ಬರುವ ಅಂಕಿಯೇ ಬಂತು. ಅವನು ಅಂಕಿಯನ್ನು ನೋಡಿದ, ಜಯಲಕ್ಷ್ಮಮ್ಮನನ್ನು ನೋಡಿದ, ಲೋಟ ತೊಳೆದು ಅದೇ ಕ್ಯಾನಿನಿಂದ ಇನ್ನೊಂದು ಸಲ ಹಾಲು ತೆಗೆದ. ಎರಡನೇ ಅಂಕಿ ಬರುವವರೆಗೆ ಅವಳು ಮುಚ್ಚಳ ಹಿಡಿದುಕೊಂಡು ನಿಂತಿದ್ದಳು.