ಪೊದೆ ಸವರುವ ಶನಿವಾರ

ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ ಬಂತೆಂದರೆ ಟ್ಯಾಮರಾಕ್ ಗುಡ್ಡದ ಬುಡದಲ್ಲಿ ಊರಿಗೆ ಊರೇ ನೆರೆಯುತ್ತಿತ್ತು. ಬೇಸಿಗೆಯುದ್ದಕ್ಕೂ ಜಾರುದಾರಿಗಳ ಮೇಲೆ ಎದ್ದು ನಿಂತ ಬರ್ಚ್ ಸಸಿಗಳನ್ನೂ ಮುಳ್ಳುಪೊದೆಗಳನ್ನೂ ಹಿಮ ಬೀಳುವ ಮೊದಲೇ ಸವರಿ ಹಾಕದಿದ್ದರೆ, ಚಳಿಗಾಲದಲ್ಲಿ ಸ್ಕೀ ಕಟ್ಟಿದವರ ಕಾಲು ನೆಟ್ಟಗೆ ಉಳಿಯುತ್ತಿರಲಿಲ್ಲ. ಬನ್ನಿ ಎಂದು ಕರೆಯುವವರು ಯಾರೂ ಇರಲಿಲ್ಲ. ಗರಗಸ, ಕತ್ತಿ, ಮನೆಯಲ್ಲಿ ಕರಿದ ಡೋನಟ್ಟುಗಳ ಬುಟ್ಟಿ ಹಿಡಿದು ಜನ ತಾವಾಗಿಯೇ ಬರುತ್ತಿದ್ದರು. ಗುಡ್ಡ ಊರವರ ಪಾಲುದಾರಿಕೆಯಲ್ಲಿದ್ದ ಕಾಲದ ರೂಢಿ ಅದು. ವಸಂತದಲ್ಲಿ ಗುಡ್ಡ ಕಂಪನಿಯ ಕೈಗೆ ಹೋದ ಮೇಲೂ ಅದನ್ನು ಬಿಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಆ ದಿನ ಎಲ್ಲರಿಗಿಂತ ಮೊದಲು ಬಂದವಳು ವೆರ್ನಾ ಪೆಲ್ಕಿ. ಉಕ್ಕಿನ ಹಗ್ಗಕ್ಕೆ ನೇತುಬಿದ್ದ ಕುರ್ಚಿಗಳಲ್ಲಿ ಜನರನ್ನು ನೆತ್ತಿಗೆ ಒಯ್ಯುವ, ಗುಡ್ಡದ ಒಂದೇ ಒಂದು ಕುರ್ಚಿ ಲಿಫ್ಟಿನ ಯಂತ್ರವನ್ನು ಹರೆಯದಿಂದಲೂ ನೋಡಿಕೊಂಡು ಬಂದವಳು. ಹಿಂದಿನ ಚಳಿಗಾಲದ ನಡುವೆಯೇ ಗೇರ್‌ಬಾಕ್ಸ್ ಒಡೆದು ಲಿಫ್ಟು ನಿಂತಿತ್ತು. ಅದರೊಡನೆ ಗುಡ್ಡವೂ ಮುಚ್ಚಿತ್ತು. ಲಿಫ್ಟನ್ನು ತಯಾರಿಸಿದ ಕಾರ್ಖಾನೆ ಎಂದೋ ಬಾಗಿಲು ಹಾಕಿತ್ತು. ದೇಶದ ದೊಡ್ಡ ದೊಡ್ಡ ಬೆಟ್ಟಗಳನ್ನೆಲ್ಲ ಕೊಂಡಿದ್ದ ಕಂಪನಿಯೊಂದು ಆಗ ಗುಡ್ಡವನ್ನು ಕೇಳಿಕೊಂಡು ಬಂತು. ಪಾಲುದಾರರ ಸಭೆಯಲ್ಲಿ ಮಾರುವುದೋ ಬೇಡವೋ ಎಂದು ಜನ ಹೊಯ್ದಾಡುತ್ತಿದ್ದಾಗ ವೆರ್ನಾ ಎದ್ದು ನಿಂತಿದ್ದಳು.

"ಮಾರೋಣ. ಅವರ ದೊಡ್ಡ ಬೆಟ್ಟದಲ್ಲೂ ಇದೇ ಕಾರ್ಖಾನೆ ಲಿಫ್ಟ್ ಇದೆಯಂತೆ. ಇದನ್ನ ರಿಪೇರಿ ಮಾಡೋ ದಾರಿ ಅವರಿಗೆ ಗೊತ್ತಿರುತ್ತೆ. ಈ ಚಳಿಗಾಲ ಲಿಫ್ಟ್ ತಿರುಗುತ್ತೆ, ನಾನು ಹೇಳ್ತಿದೀನಿ."

ಅವಳ ಮಾತಿನ ಮೇಲೆ ಕೈಗಳು ಎದ್ದಿದ್ದವು. ಎತ್ತದೆ ಕೂತವನು ಹಾಲಿಸ್ ಬೂಡೆಟ್ ಒಬ್ಬನೇ, ಹಿಮ ಹಾಸುವ ಯಂತ್ರದ ಚಾಲಕ. ಈ ಬೆಳಗ್ಗೆಯೂ ಅವನು ಗರಗಸವನ್ನು ಹೆಗಲಿಗೇರಿಸಿಕೊಂಡು ಬಂದು ಶುರು ಹಚ್ಚಿಕೊಂಡ.

"ಏನೇ ವೆರ್ನಾ, ನಿನ್ನ ಗೇರ್‌ಬಾಕ್ಸ್ ಎಲ್ಲೇ? ಆಮೆ ಬೆನ್ನ ಮೇಲೆ ಕಳಿಸಿದಾರಾ?"

"ಲಿಫ್ಟಿನ ಕೆಲಸಕ್ಕೆ ಇವತ್ತು ಲಾರಿ ಬರುತ್ತೆ ಅಂತ ಆಫೀಸಿಂದ ಫೋನ್ ಬಂದಿದೆ. ನೀನು ಬಾಯಿಗೆ ಡೋನಟ್ ತುರುಕ್ಕೊಂಡು ಮೇಲೆ ನಡಿ."

"ಅದು ತಿರುಗಿದ್ರೆ ಚಳಿಗಾಲ ಪೂರ್ತಿ ನಿನ್ನ ಅಂಗಳದ ಹಿಮ ನಾನೇ ಬಾಚ್ತೀನಿ ಕಣೇ!"

"ಸಲಿಕೆ ಈಗಲೇ ಹುಡುಕಿಟ್ಕೋ ಹಾಗಾದ್ರೆ."

ಜನ ನಗುತ್ತ ಗುಡ್ಡ ಹತ್ತಿದರು. ಬಿಸಿಲೇರುವ ಹೊತ್ತಿಗೆ ಮೇಲಿನ ದಾರಿಗಳಿಂದ ಗರಗಸಗಳ ಮೊರೆತ ಒಂದೇ ಸಮನೆ ಕೇಳಿಬರತೊಡಗಿತು. ವೆರ್ನಾ ಮಾತ್ರ ಕೆಳಗೇ ಉಳಿದು, ಹೊಸ ಗೇರ್‌ಬಾಕ್ಸ್ ಕೂರಬೇಕಾದ ಪೀಠವನ್ನು ಹಳೆಯ ಅಂಗಿಯ ತುಂಡಿನಿಂದ ಒರೆಸುತ್ತಿದ್ದಳು.

ಮಧ್ಯಾಹ್ನ ಎರಡು ಲಾರಿಗಳೂ ಒಂದು ಕ್ರೇನೂ ಬಂದವು. ಅವುಗಳ ಹಿಂದೆ ಕಂಪನಿಯ ಕಡೆಯ ಬ್ರಿನ್ ಹ್ಯಾಲೊರನ್ ಕಾರಿನಿಂದಿಳಿದಳು. ವೆರ್ನಾ ಕೈ ಒರೆಸಿಕೊಳ್ಳುತ್ತ ಓಡುವಂತೆ ಹೋಗಿ ಮೊದಲ ಲಾರಿಯೊಳಗೆ ಇಣುಕಿದಳು. ಖಾಲಿ. ಎರಡನೆಯದೂ ಖಾಲಿ.

"ಗೇರ್‌ಬಾಕ್ಸ್ ಹಿಂದೆ ಇನ್ನೊಂದು ಲಾರಿಯಲ್ಲಿ ಬರ್ತಿದೆಯಾ?"

"ಯಾವ ಗೇರ್‌ಬಾಕ್ಸ್ ವೆರ್ನಾ ಅವರೇ?" ಬ್ರಿನ್ನಳ ಮುಖದಲ್ಲಿ ಇದ್ದದ್ದು ನಿಜವಾದ ಗೊಂದಲ. "ಕುರ್ಚಿ, ಮೋಟರು, ಗಾಲಿಗಳು, ಎಲ್ಲ ಬಿಚ್ಚಿ ತಗೊಂಡು ಹೋಗೋಕೆ ಬಂದಿದೀವಿ. ದೊಡ್ಡ ಬೆಟ್ಟದ ಲಿಫ್ಟಿಗೆ ಒಂದು ಬೋಲ್ಟ್ ಕೂಡ ಎಲ್ಲೂ ಸಿಗ್ತಿಲ್ಲ. ಇಡೀ ದೇಶದಲ್ಲಿ ಇಷ್ಟು ಚೆನ್ನಾಗಿ ಉಳಿದಿರೋದು ನಿಮ್ಮದೊಂದೇ ಅಂತ ನಮ್ಮ ಎಂಜಿನಿಯರ್ ಹೇಳಿದ್ರು. ಅದಕ್ಕೇ ತಾನೇ ಗುಡ್ಡ ಕೊಂಡಿದ್ದು?"

ಮಾರಾಟಕ್ಕೆ ಮೊದಲು ಬಂದಿದ್ದ ಆ ಎಂಜಿನಿಯರ್ ಒಂದೊಂದು ಕುರ್ಚಿಯನ್ನು ಉಕ್ಕಿನ ಹಗ್ಗಕ್ಕೆ ಬಿಗಿದ ಹಿಡಿಕೆಯನ್ನೂ ಬೆರಳಿನಿಂದ ಸವರಿ ನೋಡಿದ್ದ. ತನ್ನ ಆರೈಕೆಗೆ ಸಿಕ್ಕ ಮೆಚ್ಚುಗೆಯೆಂದು ಅವಳು ಹಿಗ್ಗಿ, ಏಣಿ ಹಾಕಿಕೊಟ್ಟು ಎಲ್ಲವನ್ನೂ ತೋರಿಸಿದ್ದಳು. ಸಂತೆಯಲ್ಲಿ ಹಸುವಿನ ಹಲ್ಲು ನೋಡುವವನ ನೋಟ ಅದೆಂದು ಈಗ ಗೊತ್ತಾಯಿತು.

"ಅಂದ್ರೆ ಈ ಚಳಿಗಾಲ…"

"ನಿಮ್ಮೂರಿನವರಿಗೆಲ್ಲ ದೊಡ್ಡ ಬೆಟ್ಟದ ಪಾಸ್ ಕಮ್ಮಿ ದರಕ್ಕೆ ಕೊಡ್ತೀವಿ. ಕಾರಲ್ಲಿ ಮೂರೇ ಗಂಟೆ."

"ಮತ್ತೆ ಮುಂದಿನ ಚಳಿಗಾಲ?"

ಬ್ರಿನ್ ಕ್ರೇನಿನತ್ತ ತಿರುಗಿದಳು. ವೆರ್ನಾ ಗುಡ್ಡದ ಕಡೆಗೆ ಕೈ ಎತ್ತಿದಳು.

"ಹಾಗಾದ್ರೆ ಅವರೆಲ್ಲ ಬೆಳಗ್ಗೆಯಿಂದ ಪೊದೆ ಸವರ್ತಿದಾರಲ್ಲ, ಅದು?"

"ಅದಾ? ನಿಮ್ಮೂರ ಏನೋ ಹಬ್ಬ ಅಂದ್ಕೊಂಡೆ. ತುಂಬ ಚೆನ್ನಾಗಿದೆ. ಬರ್ತಾ ಫೋಟೋನೂ ತಗೊಂಡೆ."

ಆ ಮಾತಿನಲ್ಲಿ ಕುಹಕದ ಸುಳಿವೂ ಇರಲಿಲ್ಲ. ಇದ್ದಿದ್ದರೆ ವೆರ್ನಾ ಕೂಗಾಡುತ್ತಿದ್ದಳು, ಕೈಯ ಚಿಂದಿಯನ್ನು ಬ್ರಿನ್ನಳ ಮುಖಕ್ಕೆ ಎಸೆಯುತ್ತಿದ್ದಳು.

ಇಷ್ಟರಲ್ಲಿ ಕ್ರೇನಿನವರು ತಮ್ಮ ಪಾಡಿಗೆ ತಾವು ಬುಡದ ಮೊದಲ ಕುರ್ಚಿಗೆ ಕೊಕ್ಕೆ ಸಿಕ್ಕಿಸಿ ಹಿಡಿಕೆ ಸಡಿಲಿಸಿದ್ದರು. ಕುರ್ಚಿ ಕಳಚಿಕೊಂಡಿತು. ಭಾರ ತಪ್ಪಿದ ಉಕ್ಕಿನ ಹಗ್ಗ ಚಂಗನೆ ಮೇಲಕ್ಕೆ ನೆಗೆಯಿತು. ಆ ನೆಗೆತ ಕಂಬದಿಂದ ಕಂಬಕ್ಕೆ ಅಲೆಯಾಗಿ ಗುಡ್ಡದ ನೆತ್ತಿಯವರೆಗೂ ಓಡಿತು. ಚಳಿಗಾಲದಿಂದ ಅಲುಗದೆ ನೇತಾಡುತ್ತಿದ್ದ ಕುರ್ಚಿಗಳೆಲ್ಲ ಒಂದರ ಹಿಂದೆ ಒಂದು ತೂಗಾಡತೊಡಗಿದವು.

ಮೇಲೆ ಗರಗಸಗಳು ನಿಂತವು. ಆಮೇಲೆ ಗುಡ್ಡದ ಅಷ್ಟೂ ದಾರಿಗಳಿಂದ ಒಮ್ಮೆಗೇ ಹೋ ಎಂಬ ಕೇಕೆ ಎದ್ದಿತು; ಸಿಳ್ಳೆ, ಚಪ್ಪಾಳೆ. ಎಲ್ಲರನ್ನೂ ಮೀರಿಸಿ ಹಾಲಿಸನ ದನಿ ಇಳಿದುಬಂತು:

"ಭಲೇ ವೆರ್ನಾ! ಶುರು ಮಾಡೇ ಬಿಟ್ಟೆಯಲ್ಲೇ!"

"ಅವರು ಯಾಕೆ ಹಾಗೆ ಕೂಗ್ತಿದಾರೆ?" ಬ್ರಿನ್ ಬೆರಗಾಗಿ ಕೇಳಿದಳು.

"ಲಿಫ್ಟ್ ಸರಿಹೋಯ್ತು ಅಂದ್ಕೊಂಡಿದಾರೆ."

ಕ್ರೇನಿನವನು ಎರಡನೆಯ ಕುರ್ಚಿಯತ್ತ ಕೊಕ್ಕೆ ತಿರುಗಿಸುತ್ತಿದ್ದ. ವೆರ್ನಾ ಹೋಗಿ ಅವನ ಬಾಗಿಲನ್ನು ಅಂಗೈಯಿಂದ ತಟ್ಟಿದಳು.

"ಸ್ವಲ್ಪ ನಿಲ್ಸಪ್ಪ. ನಾನು ಮೇಲೆ ಹೋಗಿ ಹೇಳೋವರೆಗಾದ್ರೂ ನಿಲ್ಸು. ಇಲ್ಲದಿದ್ರೆ ನೀನು ಒಂದೊಂದು ಕುರ್ಚಿ ಬಿಚ್ಚಿದಾಗಲೂ ಅವರು ಹೀಗೇ ಕೂಗ್ತಾರೆ."

ಅವನು ಗುಡ್ಡವನ್ನು ನೋಡಿದ, ಅವಳನ್ನು ನೋಡಿದ, ಎಂಜಿನ್ ಆರಿಸಿದ.

ವೆರ್ನಾ ಹತ್ತತೊಡಗಿದಳು. ದಾರಿ ನುಣ್ಣಗೆ ಬೋಳಿಸಿದಂತಿತ್ತು; ಇಂಥ ಅಚ್ಚುಕಟ್ಟನ್ನು ಅವಳು ಯಾವ ವರ್ಷವೂ ಕಂಡಿರಲಿಲ್ಲ. ಮೇಲಿನವರು ಟೋಪಿ ತೆಗೆದು ಅವಳತ್ತ ಬೀಸುತ್ತಲೇ ಇದ್ದರು.