ಗೋಡೆ ಕುಡಿದ ಉಸಿರು

ಸಾವಾದ ಮನೆಗೆ ವರ್ಷ ತುಂಬುವವರೆಗೆ ಸುಣ್ಣವಿಲ್ಲ. ಚೆನ್ನಕೇಶವನ ವರ್ಷದ ತಿಥಿ ಮೊನ್ನೆ ಮುಗಿದಿತ್ತು. ಯುಗಾದಿಗೆ ಇನ್ನು ಎಂಟೇ ದಿನ. ಕಲ್ಯಾಣದುರ್ಗದ ಆ ಮನೆಯ ಅಂಗಳಕ್ಕೆ ಸುಣ್ಣ ಸುಟ್ಟು ಮಾರುವ ತಿಪ್ಪಕ್ಕ ಕತ್ತೆ ಹೊಡೆದುಕೊಂಡು ಬಂದಳು.

ಆದಿಲಕ್ಷ್ಮಿ ಗಂಡನ ತಿಥಿಗೆಂದು ಹಿಂದೂಪುರದಿಂದ ಬಂದಿದ್ದಳು. ಅಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಸಂಜೆ ನಾಲ್ಕರ ಬಸ್ಸಿಗೆ ವಾಪಸು ಹೊರಡಬೇಕಿತ್ತು. ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

ಪಡಸಾಲೆ, ಅಡಿಗೆಮನೆಗಳ ಗೋಡೆ ಕೆರೆದಾಗಿತ್ತು. ಉಳಿದದ್ದು ಅವಳೂ ಗಂಡನೂ ಹನ್ನೊಂದು ತಿಂಗಳು ಇದ್ದ ಕೋಣೆ.

"ಅದೊಂದು ಬಿಡಿ ಅತ್ತೆ," ಎಂದಳು.

"ಬಿಟ್ಟು ಏನು ಮಾಡ್ಲಿ? ಮುಟ್ಟಿದ್ರೆ ಹಪ್ಪಳ ಉದುರಿದಂಗೆ ಉದುರ್ತೈತೆ. ಕೆರೀದೆ ಹೊಸಾ ಸುಣ್ಣ ಕಚ್ಚಲ್ಲ ಕಣಮ್ಮ," ಎಂದಳು ಗಂಗಕ್ಕ. ಕೈಯಲ್ಲಿ ಹಳೆಯ ಕುಡುಗೋಲಿತ್ತು.

"ಹೊಸಾದು ಬೇಡ. ಇದ್ದಂಗೇ ಇರಲಿ."

ಗಂಗಕ್ಕ ಸೊಸೆಯ ಮುಖ ನೋಡಿದಳು. ಕುಡುಗೋಲನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋದಳು. ಆದಿಲಕ್ಷ್ಮಿ ಕಾರಣ ಹೇಳಬಹುದಿತ್ತು. ಹೇಳಿದರೆ ಹುಚ್ಚು ಎಂದುಕೊಂಡಾರು.

ಮದುವೆಗೆ ಹೊಡೆದ ಸುಣ್ಣ ಅದು. ಅವರಿಬ್ಬರೂ ಆ ಕೋಣೆಗೆ ಬಂದಾಗ ಗೋಡೆ ಇನ್ನೂ ಹಸಿ. ಕೈ ಒರೆಸಿದರೆ ಕೈ ಬಿಳಿ. "ಒಣಗಿಲ್ಲ," ಎಂದಿದ್ದ ಚೆನ್ನಕೇಶವ. ಸುಣ್ಣ ಬರೀ ಒಣಗಿದರೆ ಗಟ್ಟಿಯಾಗುವುದಿಲ್ಲ, ನಾವು ಬಿಡುವ ಉಸಿರಿನಲ್ಲಿ ಇಂಗಾಲದ ಗಾಳಿ ಇರುತ್ತದೆ, ಅದನ್ನು ಕುಡಿದು ತಿರುಗಿ ಕಲ್ಲಾಗುತ್ತದೆ ಎಂದು ಅವಳು ಹೇಳಿದ್ದಳು. ಹೊಸ ಹೆಂಡತಿ ಗಂಡನಿಗೆ ಹೇಳಿದ ಮೊದಲ ಮಾತೇ ಪಾಠ. ಅವನು ಎದ್ದು ಹೋಗಿ, ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಕೆನ್ನೆ ಉಬ್ಬಿಸಿ "ಉಫ್, ಉಫ್" ಎಂದು ಊದಿದ್ದ. "ಇಷ್ಟು ಸಾಕಾ ಮೇಡಂ?" ಎಂದು ತಿರುಗಿದಾಗ ಮೂಗಿನ ತುದಿಯೆಲ್ಲ ಸುಣ್ಣ.

ಮೂರು ದಿನದ ಜ್ವರದಲ್ಲಿ ಅವನು ಹೋದ. ಸುಟ್ಟದ್ದು ಹೊಗೆಯಾಯಿತು. ಗೋಡೆ ಕುಡಿದ ಅವನ ಉಸಿರು ಮಾತ್ರ ಇನ್ನೂ ಇದೆ. ಅವನ ಪಟ ನೋಡಿದರೂ ಏನೂ ಅನಿಸದ ಅವಳು ಈ ಒಂದನ್ನು ಮಾತ್ರ ಬಿಡಲೊಲ್ಲಳು.

ಅಂಗಳದಲ್ಲಿ ತಿಪ್ಪಕ್ಕ ಬಾನಿಗೆ ಸುಟ್ಟ ಕಲ್ಲು ಸುರಿದು ನೀರು ಹೊಯ್ದಳು. ಬಾನಿ ಬುಸುಗುಟ್ಟಿತು. ಕಲ್ಲು ಬಿರಿದು ಅರಳತೊಡಗಿತು.

"ಅಮ್ಮಯ್ಯಾ, ನೀನು ಓದಿದೋಳಲ್ಲ, ಒಂದು ಕೇಳ್ತೀನಿ," ಎಂದಳು ತಿಪ್ಪಕ್ಕ. "ಸುಣ್ಣದ ಗೂಡಿಗೆ ಕಲ್ಲು ಹೊರಾವಾಗ ಕುತ್ತಿಗೆ ಮುರೀತೈತೆ. ಸುಟ್ಟ ಮ್ಯಾಲೆ ಅದೇ ಕುಕ್ಕೆ, ಅಷ್ಟೇ ಕಲ್ಲು, ಅರ್ಧ ಭಾರ. ಉಳಿದ ಭಾರ ಎಲ್ಲೋಯ್ತದೆ? ನನ್ ಗಂಡನ್ನ ಕೇಳಿದ್ರೆ, ನಿಂಗೆ ಕೊಬ್ಬು ಬಂದೈತೆ ಅಂತಾನೆ."

ಆದಿಲಕ್ಷ್ಮಿ ಬಾನಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. "ಗಾಳಿಗೆ ಹೋಯ್ತದೆ. ಕಲ್ಲೊಳಗೆ ಇದ್ದ ಗಾಳಿ ಬಿಸಿಗೆ ಬಿಟ್ಕೊಂಡು ಹೋಯ್ತದೆ."

"ಗಾಳಿಗೂ ಭಾರ ಐತಾ? ಹೋಗಿ ಏನ್ಮಾಡ್ತದೆ?"

"ಎಲೆ ತಿಂತವೆ. ಅದರಿಂದಲೇ ಮರ ಬೆಳೆಯೋದು."

"ಏಮಮ್ಮಾ! ಮರ ಮಣ್ಣು ತಿಂದು ಬೆಳೀತೈತೆ. ಗಾಳಿ ತಿಂದು ಯಾರಾನ ಬೆಳೀತಾರಾ?"

"ಮಣ್ಣು ತಿನ್ನೋದಾಗಿದ್ರೆ ನಿಮ್ಮ ಬಾಗಿಲ ಹೊಂಗೆ ಮರದ ಬುಡದಾಗೆ ಇಷ್ಟೊತ್ತಿಗೆ ಬಾವಿ ಬೀಳ್ಬೇಕಿತ್ತಲ್ಲ ತಿಪ್ಪಕ್ಕ?"

ತಿಪ್ಪಕ್ಕ ಬಾಯಿ ಬಿಟ್ಟಳು, ಆಮೇಲೆ ನಕ್ಕಳು. "ಹೌದಲ್ಲೇ! ನಮ್ಮ ಮೇಕೆ ಸೊಪ್ಪು ಅಂತ ಗಾಳಿ ಮೇಯ್ತಾ ಐತಾ?"

"ಹ್ಞೂಂ. ಮೇಕೆ ಸೊಪ್ಪು ತಿಂತದೆ, ನೀನು ಹಾಲು ಕುಡೀತೀಯ, ರಾಗಿ ಉಣ್ತೀಯ. ಉಂಡಿದ್ದು ಒಳಗೆ ಉರಿದು ಉಸಿರಾಗಿ ಬತ್ತದೆ. ಮತ್ತೆ ಎಲೆಗೆ ಹೋಯ್ತದೆ. ಒಂದಿಷ್ಟನ್ನ ಹಸಿ ಸುಣ್ಣ ಕುಡಿದು ಕಲ್ಲಾಗ್ತದೆ. ಮನೆಯೋರ ಉಸಿರು ಗೋಡೆಯೊಳಗೇ…"

"ಕಲ್ಲಾದ್ಮೇಲೆ?"

"ಅಲ್ಲೇ ಇರ್ತದೆ."

"ಹಂಗೇ ಎಲ್ಲಾ ಕಲ್ಲಾಗಿ ಕೂತ್ಕೊಂಡ್ರೆ?"

"ಎಲೆಗೆ ಉಣ್ಣೋಕೆ ಇರಲ್ಲ. ನಮಗೂ ಇರಲ್ಲ." ಮಕ್ಕಳಿಗೆ ಎಷ್ಟೋ ಸಲ ಹೇಳಿದ ವಾಕ್ಯವೇ. ಇವತ್ತು ಅದು ಅವಳ ಬಾಯಿಂದ ಹೊರಟು ಅವಳಿಗೇ ಬಂದು ತಾಗಿತು.

"ಅದಕ್ಕೇ ಕೆರೆದ ಸುಣ್ಣ ತಿಪ್ಪೆಗೆ ಹಾಕ್ಬೇಡಿ ಅನ್ನೋದು," ಎಂದಳು ತಿಪ್ಪಕ್ಕ. "ನನಗೆ ಕೊಡಿ. ಗೂಡಿಗೆ ಸೇರಿಸ್ತೀನಿ. ತಿರ್ಗಾ ಸುಣ್ಣ."

ಬಾಗಿಲಲ್ಲಿ ಗಂಗಕ್ಕ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ.

"ಅದಕ್ಕಾ ಕೆರೀಬೇಡ ಅಂದಿದ್ದು?"

ಆದಿಲಕ್ಷ್ಮಿ ತಲೆ ಬಗ್ಗಿಸಿದಳು.

ಗಂಗಕ್ಕ ಬಂದು ಸೊಸೆಯ ಪಕ್ಕ ಕೂತಳು. "ನಂಗೆ ನಿನ್ನಂಗೆ ಓದು ಇಲ್ಲ. ಆದ್ರೂ ಆ ಗೋಡೇನ ನಾನೂ ಒಂದು ಸಲನೂ ಕೆರೆಸ್ಲಿಲ್ಲ ಕಣಮ್ಮ. ಅವನು ಹುಟ್ಟಿದ ರೂಮು. ಬಾಣಂತನಕ್ಕೆ ನೀಲಿ ಹಾಕಿ ಸುಣ್ಣ ಹೊಡೆಸಿದ್ರು. ಅದು ಹೋಗಬಾರ್ದು ಅಂತ ಪ್ರತಿಸಲ ಮೇಲಿಂದ ಮೇಲೇ ಹೊಡೆಸ್ದೆ. ನಿಮ್ಮ ಮದುವೇಲೂ ಹಂಗೇ ಮಾಡ್ದೆ. ಹಿಡಿದಿಟ್ಕೊಂಡೆ ಅಂದ್ಕೊಂಡಿದ್ದೆ. ಈಗ ಒಟ್ಟಿಗೇ ಉದುರ್ತಾ ಐತೆ. ನಂದೇ ತಪ್ಪು."

ಬಾನಿಯ ಬುಸುಬುಸು ಸದ್ದು ಅಡಗುತ್ತಿತ್ತು. ಕತ್ತೆ ಒಮ್ಮೆ ಕಿವಿ ಒದರಿತು.

ಆದಿಲಕ್ಷ್ಮಿ ಎದ್ದು ಹೊಸ್ತಿಲ ಮೇಲಿನ ಕುಡುಗೋಲು ತೆಗೆದುಕೊಂಡಳು. ಕೋಣೆಗೆ ಹೋಗಿ, ಅವನು ಊದಿದ ಜಾಗ ಇದೇ ಎಂದು ನೆನಪಿದ್ದ ಕಡೆಯಿಂದಲೇ ಶುರು ಮಾಡಿದಳು. ಬಿಳಿಯ ಚಕ್ಕೆ ಬಿತ್ತು. ಅದರ ಕೆಳಗೆ ಬಿಳಿ, ಕೆಳಗೆ ಮತ್ತೂ ಬಿಳಿ, ಎಲ್ಲಕ್ಕಿಂತ ಅಡಿಯಲ್ಲಿ ತೆಳ್ಳಗೆ ನೀಲಿ. ಗಂಗಕ್ಕ ನೀಲಿಯ ಒಂದು ಚಕ್ಕೆಯನ್ನು ಅಂಗೈಯಲ್ಲಿಟ್ಟು ನೋಡಿದಳು. ಆಮೇಲೆ ಅದನ್ನೂ ಕುಕ್ಕೆಗೆ ಹಾಕಿದಳು.

ಎರಡು ಕುಕ್ಕೆ ಆಯಿತು. ತಿಪ್ಪಕ್ಕ ಕತ್ತೆಯ ಮೇಲೆ ಹೇರಿದಳು. "ಶುಕ್ರವಾರ ಗೂಡು ಹಚ್ತೀವಿ," ಎಂದಳು. ಗೂಡು ಬಿಟ್ಟ ಗಾಳಿ ಉಣ್ಣುವ ಹೊಂಗೆ ಈಗ ಚಿಗುರುವ ಕಾಲ ಎಂಬುದು ಆದಿಲಕ್ಷ್ಮಿಗೆ ಹೊಳೆಯಿತು.

ಅತ್ತೆ ಸೊಸೆ ಇಬ್ಬರೂ ಕತ್ತಾಳೆ ಕುಂಚ ಹಿಡಿದು ಹೊಸ ಸುಣ್ಣ ಹೊಡೆದರು. ಮುಗಿಯುವಾಗ ಮೂರೂವರೆ.

"ಬಸ್ಸು ತಪ್ಪಿಬಿಡ್ತದೆ, ಹೊರಡು," ಎಂದಳು ಗಂಗಕ್ಕ, ಸೆರಗಿನಿಂದ ಸೊಸೆಯ ಕೆನ್ನೆಯ ಸುಣ್ಣ ಒರೆಸುತ್ತ.

"ನಾಳೆ ಹೋಯ್ತೀನಿ. ಗೋಡೆ ಹಸಿ ಐತೆ. ಇಬ್ಬರಾದ್ರೂ ಇದೇ ರೂಮಲ್ಲಿ ಮಲಗಬೇಕು."

ಗಂಗಕ್ಕ ಗೋಡೆಯನ್ನೂ ಸೊಸೆಯನ್ನೂ ನೋಡಿದಳು. "ಮೊದ್ಲೇ ಹೇಳಬಾರದಾ? ತಿಪ್ಪಕ್ಕನ ಕತ್ತೇನೂ ಇಲ್ಲೇ ಕಟ್ಟಾಕ್ತಿದ್ದೆ. ಅದೇನು ಕಮ್ಮಿ ಉಸಿರು ಬಿಡ್ತದಾ?"

ಆದಿಲಕ್ಷ್ಮಿ ಬಾಗಿಲ ಬಳಿಯ ಚೀಲ ಎತ್ತಿಕೊಂಡು ಒಳಗೆ ಬಂದಳು.