ಹನುಮಪ್ಪ ಹೂ ಕೊಟ್ಟಿದ್ದು ಯಾರಿಗೆ?

ಗುಡಿಗೆ ಹೋಗೋಣ ಅಂತ ಮೊದಲು ಹೇಳಿದವಳು ಮುದಕಮ್ಮ. ಮೊಮ್ಮಗಳು ರೂಪಾ ರಜೆಗೆ ಬಂದಾಗಿನಿಂದ ತಾಟಿನ ಮುಂದೆ ಕೈ ಒಣಗುವತನಕ ಸುಮ್ಮನೆ ಕೂಡುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. "ನಮಗ ತಿಳೀದಿದ್ದು ಹನುಮಪ್ಪಗ ತಿಳೀತೈತಿ. ಶನಿವಾರ ಹೂ ಕೇಳಿಬಿಡೂಣು," ಅಂದಳು.

ತಿಳಿಯದಿದ್ದ ಸಂಗತಿ ಇಷ್ಟು. ರೂಪಾ ಹೈದರಾಬಾದಿನ ಒಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದಿಂದ ಮ್ಯಾನೇಜ್‌ಮೆಂಟನ್ನೂ ಸ್ಪ್ಯಾನಿಶ್ ಭಾಷೆಯನ್ನೂ ಜೊತೆಜೊತೆಗೆ ಓದುತ್ತಿದ್ದಳು. ಸ್ಪ್ಯಾನಿಶ್ ಅವಳು ಬೇಕೆಂದು ಆರಿಸಿಕೊಂಡದ್ದಲ್ಲ. ಫ್ರೆಂಚಿನ ಸೀಟುಗಳು ತುಂಬಿಹೋಗಿದ್ದವು. ಬೆಳಿಗ್ಗೆ ಒಬ್ಬ ಮೇಷ್ಟ್ರು ಗಿರಾಕಿಯ ಮನಸ್ಸು ಅರಿಯುವುದು ಹೇಗೆಂದು ಪಾಠ ಹೇಳುತ್ತಿದ್ದರು. ಮಧ್ಯಾಹ್ನ ಇನ್ನೊಬ್ಬರು ಬಂದು ಸ್ಪ್ಯಾನಿಶ್‌ನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು ಅನ್ನುತ್ತಿದ್ದರು. ಇದಕ್ಕೂ ಅದಕ್ಕೂ ಏನು ಸಂಬಂಧವೆಂದು ಊರಲ್ಲಿ ಯಾರಾದರೂ ಕೇಳಿದರೆ ಅವಳಿಗೆ ಉತ್ತರ ಹೊಳೆಯುತ್ತಿರಲಿಲ್ಲ. ಆದರೆ ಮ್ಯಾನೇಜ್‌ಮೆಂಟಿನಲ್ಲಿ ಅಷ್ಟಕ್ಕಷ್ಟೇ ಇದ್ದವಳು ಸ್ಪ್ಯಾನಿಶ್‌ನಲ್ಲಿ ತರಗತಿಗೇ ಮುಂದಿದ್ದಳು. ಅದೇ ಅವಳ ತಲೆ ಇನ್ನಷ್ಟು ಕೆಡಿಸಿತ್ತು. ಎರಡನ್ನೂ ಮುಂದುವರಿಸಿದರೆ ಬರುವ ವರ್ಷ ಸ್ಪೇನ್‌ನಲ್ಲಿ ಓದಬೇಕು, ಖರ್ಚೆಲ್ಲ ವಿಶ್ವವಿದ್ಯಾಲಯದ್ದು. ಸ್ಪ್ಯಾನಿಶ್ ಬಿಟ್ಟರೆ ಹೈದರಾಬಾದಿನಲ್ಲೇ ಉಳಿದು ಒಂದೇ ವರ್ಷದಲ್ಲಿ ಪದವಿ ಮುಗಿಸಬಹುದು. ಯಾವುದೆಂದು ಸೋಮವಾರ ತಿಳಿಸಬೇಕಿತ್ತು.

ಹೂ ಕೇಳುವ ರೀತಿ ಸಿದ್ದಾಪುರದ ಸುತ್ತಲಿನವರಿಗೆಲ್ಲ ಗೊತ್ತಿದ್ದದ್ದೇ. ಪೂಜಾರಿ ಹನುಮಪ್ಪನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಶನಿವಾರ ಮನೆಯ ನಾಲ್ವರೂ ಹೋಗಿ ಕೈಮುಗಿದು ನಿಂತರು. ಪೂಜಾರಿ ಹೊಳಿಯಪ್ಪ ಆರತಿ ತಟ್ಟೆ ಕೆಳಗಿಡುವ ಮೊದಲೇ ಬಲಭುಜದ ಹೂ ಜಾರಿ ಬಿತ್ತು.

"ನೋಡ್ರಿ, ಎಷ್ಟು ಲಗೂನ ಕೊಟ್ಟ!" ಅಂದ ಹೊಳಿಯಪ್ಪ.

ಕಾಲುವೆ ದಂಡೆಯ ಮೇಲೆ ನಾಲ್ವರೂ ಹಗುರಾಗಿ ಮನೆಯ ದಾರಿ ಹಿಡಿದರು. ಕಾರಟಗಿಯಲ್ಲಿ ಸರಕಾರಿ ಗುಮಾಸ್ತನಾಗಿದ್ದ ರೂಪಾಳ ತಂದೆ ಗೋವಿಂದರಾಜ, "ಮುಗೀತಲ್ಲ. ಸೋಮವಾರ ಫೋನ್ ಮಾಡಿ ಸ್ಪ್ಯಾನಿಶ್ ಬಿಟ್ಟೀನಿ ಅಂತ ಹೇಳಿಬಿಡವಾ," ಅಂದ.

ಮುದಕಮ್ಮ ನಡೆಯುವುದನ್ನು ನಿಲ್ಲಿಸಿದಳು. "ಯಾಕ ಬಿಡ್ತಾಳ? ಹುಡುಗಿ ಆ ದೇಶಕ್ಕ ಹೋಗ್ಲಿ ಅಂತ ನಾ ಬೇಡಿಕೊಂಡಿದ್ದು. ಹೂ ಕೊಟ್ಟಾನಲ್ಲ!"

"ಯವ್ವಾ, ಇಲ್ಲೇ ಉಳೀಲಿ ಅಂತ ನಾ ಬೇಡಿಕೊಂಡಿದ್ದೆ. ನನಗ ಕೊಟ್ಟಿದ್ದು."

"ನಿನಗ್ಯಾಕ ಕೊಡ್ತಾನ? ವರ್ಷಕ್ಕೊಮ್ಮಿ ಗುಡಿಗೆ ಬರಾಂವ ನೀ!"

"ಆ ಭಾಷಿ ಕಲ್ತು ಏನು ಮಾಡೂದೈತಿ ಹೇಳು."

"ಕಾಲುವಿ ನೀರು ಬಂತಂತ ಆಂಧ್ರದ ರೈತರು ಬಂದು ಕ್ಯಾಂಪ್ ಹಾಕಿದಾಗ ನಮ್ಮ ಓಣ್ಯಾಗ ತೆಲುಗು ಕಲ್ತಾಕಿ ನಾ ಒಬ್ಬಾಕಿನ. ಮಾತು ಬಂತಂತ ಅವರ ಗದ್ದ್ಯಾಗ ಭತ್ತದ ನಟ್ಟಿ ಹಚ್ಚೋ ಹೆಣ್ಮಕ್ಕಳ ಗುಂಪು ನನ್ನ ಕೈಗೆ ಬಂತು."

"ಅವರು ನಮ್ಮೂರಿಗೆ ಬಂದಿದ್ರು. ಸ್ಪೇನಿನವರು ಸಿದ್ದಾಪುರಕ್ಕ ಯಾರ ಬರ್ತಾರ?"

"ಅದಕ್ಕ ಇಕಿನ ಹೋಗ್ಲಿ ಅನ್ನಾಕತ್ತೀನಿ!"

ಇಬ್ಬರೂ ತೀರ್ಪಿಗಾಗಿ ರೂಪಾಳ ತಾಯಿ ನೇತ್ರಾವತಿಯ ಕಡೆ ತಿರುಗಿದರು. ಅವಳು ಸೆರಗು ಸರಿಮಾಡಿಕೊಂಡು, "ನಾ ಇವತ್ತೊಂದ ದಿನ ಮನ್ಯಾಗ ಜಗಳ ಬ್ಯಾಡಪ್ಪ ಅಂತ ಬೇಡಿಕೊಂಡಿದ್ದೆ," ಅಂದಳು.

ರೂಪಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಂದಿದ್ದು ಒಂದೇ ಹೌದು, ಅದಕ್ಕೆ ಒಡೆಯರು ಮೂವರು. ಗುಡಿಗೆ ಬರುವಾಗ ಇದ್ದ ಗೊಂದಲ ಒಂದಕ್ಕೆ ಎರಡಾಗಿತ್ತು. ಎಲ್ಲರೂ ತಿರುಗಿ ಗುಡಿಗೇ ಹೋದರು.

ಹೊಳಿಯಪ್ಪ ಬಾಗಿಲು ಹಾಕುತ್ತಿದ್ದ. ಸಂಗತಿ ಕೇಳಿ, "ಒಂದ ಮಾತು ಎರಡು ಸಲ ಕೇಳಂಗಿಲ್ಲ. ಸಿಟ್ಟಿಗೇಳ್ತಾನ," ಅಂದ.

"ಮತ್ತ ಹೂ ಯಾರಿಗೆ ಕೊಟ್ಟಿದ್ದು ಹೇಳ್ರಿ," ಅಂದ ಗೋವಿಂದರಾಜ.

"ಓದಾಕಿ ಯಾರು?"

"ಇಕಿ."

"ಹಂಗಾರ ಇಕಿ ಏನು ಬೇಡಿಕೊಂಡಾಳ ಅದಕ್ಕ ಕೊಟ್ಟಾನ. ನೀವು ಇಕಿ ಜೋಡಿ ಬಂದವರು."

ಮೂವರೂ ರೂಪಾಳ ಮುಖ ನೋಡಿದರು. ಅವಳು ಏನನ್ನೂ ಬೇಡಿಕೊಂಡಿರಲಿಲ್ಲ. ಸ್ಪ್ಯಾನಿಶ್ ಬಿಡಲೇ ಎಂದು ಕೇಳಿ ಹೌದು ಅಂದರೆ ಬಿಡಬೇಕು. ಸ್ಪೇನ್‌ಗೆ ಹೋಗಲೇ ಎಂದು ಕೇಳಿ ಹೌದು ಅಂದರೆ ಹೋಗಬೇಕು. ಯಾವುದಕ್ಕೆ ಹೌದು ಅನಿಸಿಕೊಳ್ಳಬೇಕೆಂದು ಯೋಚಿಸುತ್ತಿರುವಾಗಲೇ ಹೂ ಬಿದ್ದಿತ್ತು. ಈಗ ತಾನು ಏನು ಹೇಳಿದರೂ ಅದೇ ಹನುಮಪ್ಪನ ಮಾತಾಗುತ್ತದೆ, ಅಲ್ಲವೆನ್ನುವವರು ಯಾರೂ ಇಲ್ಲ. ಇಷ್ಟು ದಿನದ ಹೊಯ್ದಾಟಕ್ಕಿಂತ ಇದೇ ಅವಳನ್ನು ಹೆಚ್ಚು ಹೆದರಿಸಿತು.

"ಎರಡೂ ಓದ್ತೀನಿ ಅಂತ," ಅಂದಳು. ಅಂದ ಮೇಲೆ, ಹೇಳಿದ್ದು ತಾನೇನಾ ಎಂದು ಅವಳಿಗೇ ಅನುಮಾನ ಬಂತು.

ಮುದಕಮ್ಮ ಚಪ್ಪಾಳೆ ತಟ್ಟಿದಳು. ಕಚೇರಿಯಲ್ಲಿ ಒಂದು ಸಹಿ ತಪ್ಪಿದರೂ ಜನರನ್ನು ಹಿಂದಕ್ಕೆ ಕಳಿಸುವ ಗೋವಿಂದರಾಜ, ಅರ್ಧ ಮುಚ್ಚಿದ ಬಾಗಿಲಿನಿಂದ ಮೂರ್ತಿಯನ್ನು ಬಗ್ಗಿ ನೋಡಿದ. "ಅಂವ ಕೊಟ್ಟಿದ್ದಕ್ಕ ನಾ ಇಲ್ಲ ಅನ್ನಾಕ ಬರತೈತೇನು," ಅಂದ. ಸ್ವಲ್ಪ ದೂರ ನಡೆದ ಮೇಲೆ, "ಅಲ್ಲಿ ಏನಾರ ಹೂ ಕೇಳೂದು ಬಂತಂದ್ರ ಏನು ಮಾಡ್ತೀ?" ಎಂದು ಮಗಳನ್ನು ಕೇಳಿದ.

"ಫೋನ್ ಮಾಡ್ತಾಳ. ನಾ ಬಂದು ಕೇಳ್ತೀನಿ," ಅಂದಳು ಮುದಕಮ್ಮ.

"ನೀ ಬ್ಯಾಡ. ನೀ ನಿಂದ ಕೇಳ್ಕೊಂಡು ಬರ್ತೀ."

ಅವರಿಬ್ಬರೂ ವಾದ ಮಾಡುತ್ತಾ ಮುಂದೆ ಹೋದರು. ನೇತ್ರಾವತಿ ಬೇಕೆಂದೇ ಹಿಂದೆ ಉಳಿದು ಮಗಳ ಮೊಳಕೈ ಹಿಡಿದಳು. "ಖರೇನ ಹಂಗ ಬೇಡಿಕೊಂಡಿದ್ದೇನು?"

"ಆಗ ಬೇಡಿಕೊಂಡಿದ್ದಿಲ್ಲವ್ವ."

"ಮತ್ತ ಈಗ?"

"ಈಗ ಬೇಡಿಕೊಂಡೀನಿ ಅನಸ್ತೈತಿ. ಗೊತ್ತಿಲ್ಲವ್ವ."

"ಸೋಮವಾರದ ತನಕ ನಿಮ್ಮಪ್ಪನ ಮುಂದ ಗೊತ್ತಿಲ್ಲ ಅಂತ ಮಾತ್ರ ಅನಬ್ಯಾಡ," ಅಂದಳು ನೇತ್ರಾವತಿ. ಮಗಳ ಕೈ ಬಿಡದೆ, ಮುಂದಿನವರನ್ನು ಕೂಡಿಕೊಳ್ಳಲು ಬಿರಬಿರನೆ ಹೆಜ್ಜೆ ಹಾಕಿದಳು.